ವೆಲ್ಡರ್ ಅಳಿಯ ತಂದ ತುರಚೆ ಸೊಪ್ಪು

ಅತ್ತೆಯ ಬಲಗಾಲಿಗೆ ಪ್ಲಾಸ್ಟರ್ ಬಿದ್ದ ವಾರವೇ ಬೇಲಿಯಲ್ಲಿ ತುರಚೆ ಚಿಗುರಿತು. ಮುಟ್ಟಿದರೆ ಉರಿಯುವ, ಬೇಯಿಸಿದರೆ ಉರಿ ಬಿಡುವ ಸೊಪ್ಪು ಅದು. ಅತ್ತೆ ಪ್ರತಿ ವರ್ಷ ಅದರ ಸೂಪು ಮಾಡುತ್ತಿದ್ದರು. ಸೊಪ್ಪನ್ನು ಇನ್ನೊಬ್ಬರಿಂದ ತರಿಸಿದವರಲ್ಲ. ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ಚೀಟಿ ಓದಿ ಗುಳಿಗೆ ಕೊಟ್ಟವರು. ಮದುವೆಯಾಗಿ ಮೂರು ವರ್ಷವಾದರೂ ವೆಲ್ಡರ್ ಅಳಿಯನಿಗೆ ಅವರ ಅಡುಗೆಮನೆಯಲ್ಲಿ ಲೋಟ ತೊಳೆಯುವ ಅಧಿಕಾರವೂ ಸಿಕ್ಕಿರಲಿಲ್ಲ.

"ನಾನು ತರ್ತೀನಿ ಅತ್ತೆ," ಎಂದ ಅಳಿಯ.

"ಅದೇನು ಕಬ್ಬಿಣ ಅಲ್ಲ ಅಳಿಯಂದ್ರೇ, ತಪ್ಪಿದ್ರೆ ಕತ್ತರಿಸಿ ಮತ್ತೆ ಅಂಟಿಸೋಕೆ."

ಆದರೂ ಚೀಟಿ ಬರೆದುಕೊಟ್ಟರು: ಎಲೆ ಎದುರುಬದುರು ಜೋಡಿ, ಅಂಚು ಗರಗಸದ ಹಲ್ಲು, ಕಾಂಡದ ಮೇಲೆ ರೋಮ, ಮುಟ್ಟಿದರೆ ಉರಿ. "ನಾಲ್ಕರಲ್ಲಿ ಒಂದು ಇಲ್ದಿದ್ರೂ ಬರಿಗೈಲಿ ಬನ್ನಿ."

ಬೇಲಿಯ ಬುಡದಲ್ಲಿ ಮೊಣಕಾಲೆತ್ತರದ ಗಿಡಗಳಿದ್ದವು. ಜೋಡಿ ಎಲೆ, ಸರಿ. ಹಲ್ಲು, ಸರಿ. ರೋಮ, ಸರಿ. ಬೆರಳಿಟ್ಟ. ಏನೂ ಇಲ್ಲ. ಉಜ್ಜಿದ. ಏನೂ ಇಲ್ಲ. ಇನ್ನೂರು ಅಡಿ ಬೇಲಿ ಮುಗಿಯಿತು. ಹನ್ನೆರಡು ವರ್ಷ ಕಿಡಿ ತಿಂದ ತನ್ನ ಬೆರಳು ಚಪ್ಪಲಿಯ ಅಟ್ಟೆಯಂತಾಗಿದೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಬರಿಗೈಯಲ್ಲಿ ಹೊರಟ. ಅತ್ತೆಗೆ ತೋರಿಸೋಣವೆಂದು ಒಂದು ಕುಡಿ ಮಾತ್ರ ಕಿತ್ತು, ಕಬ್ಬಿಣಕ್ಕೆ ಗುರುತು ಹಾಕುವ ಸೀಮೆಸುಣ್ಣ ಸಿಕ್ಕಿಸುವ ಅಭ್ಯಾಸದಲ್ಲೇ ಕಿವಿಯ ಹಿಂದೆ ಸಿಕ್ಕಿಸಿಕೊಂಡ.

ಕಿವಿ ಉರಿದು ಅವನು ಹಾಕಿದ ಕೂಗಿಗೆ ಎದುರು ಮನೆಯ ಕಿಟಕಿ ತೆರೆಯಿತು. "ಹಾವೇನಪ್ಪಾ?" ಎಂದರು ಅಲ್ಲಿನ ಅಜ್ಜಿ.

"ಇಲ್ಲಜ್ಜಿ, ಊಟ!"

ಆಮೇಲೆ ಒಂದೊಂದೇ ಗಿಡದ ಎಲೆಯನ್ನು ಕಿವಿಗೆ ಮುಟ್ಟಿಸಿ, ಉರಿದದ್ದನ್ನೇ ಕಿತ್ತ. ಎರಡು ಗಿಡ ಸುಮ್ಮನಿದ್ದವು, ಬಿಟ್ಟ.

ಅತ್ತೆ ಕನ್ನಡಕ ಏರಿಸಿ ಒಂದೊಂದೇ ಕುಡಿ ತಿರುಗಿಸಿ ನೋಡಿದರು. ಒಂದೂ ತಪ್ಪಿರಲಿಲ್ಲ. ಆಮೇಲೆ ಟೊಮೆಟೊ ಬಣ್ಣದ ಕಿವಿ ನೋಡಿದರು.

"ಎಲ್ಲಾ ಗಿಡಾನೂ ಕಿವೀಲೇ ನೋಡಿದ್ರಾ?"

"ನಾಲ್ಕೂ ಇರ್ಬೇಕು ಅಂದಿದ್ರಲ್ಲ ಅತ್ತೆ."

"ಅಯ್ಯೋ, ಮೊಣಕೈ ಇರ್ಲಿಲ್ವೇನ್ರೀ ನಿಮಗೆ?" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಹೊಳೆದಿರಲಿಲ್ಲ.

ಅತ್ತೆ ನಗಲಿಲ್ಲ. ಊರುಗೋಲಿನಿಂದ ಅಡುಗೆಮನೆ ತೋರಿಸಿದರು.

"ನಿಂತೇ ಇದ್ದೀರಲ್ಲ? ಗ್ಲೌಸ್ ಇಲ್ದೆ ಇದನ್ನ ತೊಳೆಯೋಕೆ ಈ ಮನೇಲಿ ನಿಮ್ಮೊಬ್ರಿಗೇ ಆಗೋದು. ದೊಡ್ಡ ಪಾತ್ರೆ ಮೇಲಿನ ಗೂಡಲ್ಲಿದೆ."