ಮೊದಲ ಮಾತು

ಮುಂದಿನ ಸಾಲಿನ ಕುರ್ಚಿಗೆ ಮಗಳು 'ವಕ್ತಾರರಿಗೆ' ಎಂದು ಬರೆದು ಅಂಟಿಸಿದ್ದ ಚೀಟಿಯನ್ನು ಅಮ್ಮ ಕಿತ್ತು, ಮುದುರಿ, ಕೈಚೀಲಕ್ಕೆ ಹಾಕಿಕೊಂಡಳು.

"ಆ ಮನುಷ್ಯ ಬಂದ್ರೆ ಹಿಂದೆ ನಿಂತ್ಕೊಳ್ಳಲಿ. ಬರಬೇಡಿ ಅಂತ ನಾನು ಹೇಳಲ್ಲ. ಆದ್ರೆ ನಿಮ್ಮಪ್ಪನ ಮುಂದೆ ನಿಂತು ಅವರು ಬಾಯಿ ಬಿಡಕೂಡದು."

"ಅಪ್ಪನೇ ಕೇಳಿದ್ದಲ್ವಾ ಅಮ್ಮ? ಆಸ್ಪತ್ರೆಯಲ್ಲಿ ನಿನ್ನ ಎದುರಿಗೇ ಹೇಳಿದ್ರು. ನನ್ನ ಬಗ್ಗೆ ಯಾರಾದ್ರೂ ಮಾತಾಡೋದಾದ್ರೆ ಮೊದಲ ಮಾತು ವಕ್ತಾರರದ್ದು ಅಂತ. ನಾನು ಆಯ್ತು ಅಂದಿದ್ದೀನಿ."

"ನೀನು ಅಂದಿದ್ದೀಯ. ನಾನು ಅಂದಿಲ್ಲ. ಅವರು ಕೇಳಿದ್ದಕ್ಕೆಲ್ಲ ಹೂಂ ಹೂಂ ಅಂದು ನನಗೆ ಸಾಕಾಗಿದೆ ಕಣೇ. ಇದೊಂದು ಆಗಲ್ಲ."

ಚಿತಾಗಾರದ ಆ ಪುಟ್ಟ ಸಭಾಂಗಣದಲ್ಲಿ ಜನ ಆಗಲೇ ತುಂಬುತ್ತಿದ್ದರು. ನಡುವೆ ಮೇಜಿನ ಮೇಲೆ ಪೆಟ್ಟಿಗೆ. ಅದರೊಳಗೆ, ಸ್ಟುಡಿಯೋಗೆ ಹಾಕಿಕೊಂಡು ಹೋಗುತ್ತಿದ್ದ ಬೂದು ಕೋಟಿನಲ್ಲಿ ಅಪ್ಪ. ಕಾಯಿಲೆಯಲ್ಲಿ ಮೈ ಇಳಿದು ಹೋಗಿದ್ದರಿಂದ ಕೋಟು ಬೇರೆ ಯಾರದ್ದೋ ಎರವಲು ತಂದಂತೆ ಕಾಣುತ್ತಿತ್ತು. ಎಡಗಡೆ ಟಿವಿ ವಾಹಿನಿಯವರು, ಬಲಗಡೆ ಇತಿಹಾಸದ ಪ್ರಾಧ್ಯಾಪಕರು. ಯಾರೂ ಹೇಳದಿದ್ದರೂ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎಂಬಂತೆ ಎರಡು ಪಾಲಾಗಿ ಕೂತಿದ್ದರು.

ಅಮ್ಮನ ಅಣ್ಣ ಬಂದು ಮಗಳ ಕಿವಿಯ ಬಳಿ ಪಿಸುಗುಟ್ಟಿದ. "ಟಿವಿಯವರು ಗಡಿಯಾರ ನೋಡ್ತಿದ್ದಾರೆ. ಇತಿಹಾಸದವರು ಇನ್ನೂ ಕನ್ನಡಕ ಒರೆಸ್ಕೊಳ್ತಿದ್ದಾರೆ. ಶುರು ಮಾಡಿಬಿಡೋಣ. ಮೊದಲು ಯಾರು?"

"ಅಮ್ಮನ್ನ ಕೇಳಿ ಮಾವ."

"ವಾರ್ತೆಯವರು," ಎಂದಳು ಅಮ್ಮ, ಕೇಳುವ ಮೊದಲೇ.

ವಾರ್ತೆಯವರು ಎಂದರೆ ವಾಹಿನಿಯಲ್ಲಿ ಬಹುಕಾಲದಿಂದ ಸುದ್ದಿ ಓದಿಕೊಂಡು ಬಂದವರು. ಒಂದು ಲೋಟ ನೀರು ಕೇಳಿದರೂ ಎಲ್ಲೋ ಅಣೆಕಟ್ಟು ಒಡೆದಂತೆ ಕೇಳಿಸುವ ಕಂಠ. ಅವರು ಎದ್ದು ಮೈಕಿನ ಕಡೆ ಹೊರಟಾಗಲೇ ಮಗಳು ಬಾಗಿಲ ಕಡೆ ನೋಡಿದಳು. ವಕ್ತಾರರು ಬಂದಿದ್ದರು. ಉದ್ದನೆಯ, ಒಣಗಿದ ಆಳು. ಒಳಗೆ ಬರಲೋ ಬೇಡವೋ ಎನ್ನುವ ಹಾಗೆ ಒಂದು ಕಾಲು ಹೊಸ್ತಿಲ ಹೊರಗೇ ಇಟ್ಟುಕೊಂಡು ನಿಂತಿದ್ದರು.

*

ಶಾಲೆಗೆ ರಜೆ ಇದ್ದಾಗ ಅಪ್ಪ ಅವಳನ್ನು ವಾಹಿನಿಗೆ ಕರೆದುಕೊಂಡು ಹೋಗುತ್ತಿದ್ದ. ಅವನೇ ಅಲ್ಲಿನ ಮುಖ್ಯಸ್ಥ. ಗಾಜಿನ ಕೋಣೆಯಲ್ಲಿ, ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅವಳು ಚಿತ್ರ ಬರೆಯುತ್ತಿದ್ದಳು. ವರದಿಗಾರರು ಏದುಸಿರು ಬಿಡುತ್ತ ಬರುತ್ತಿದ್ದರು.

"ಸರ್, ದೊಡ್ಡ ಸುದ್ದಿ. ಮಂತ್ರಿಗಳು ಸಿಕ್ಕಿಬಿದ್ದಿದ್ದಾರೆ."

"ಅವರೇನಂತಾರೆ?"

"ಫೋನ್ ಎತ್ತಲ್ಲ ಸರ್."

"ಎತ್ತೋವರೆಗೂ ಮಾಡು. ನಾವು ಯಾರನ್ನ ಬಯ್ಯೋಕೆ ಹೊರಟಿದ್ದೀವೋ ಅವರ ಮಾತು ಮೊದಲು ಹೋಗಬೇಕು. ಆಮೇಲೆ ನಮ್ಮದು."

ಆ ವಾಹಿನಿಯ ಪದ್ಧತಿಯೇ ಅದು. ಮಂತ್ರಿಯನ್ನು ಬಯ್ಯುವ ದಿನ ಮಂತ್ರಿಯ ಮಾತು ಮೊದಲು. ಮಂತ್ರಿ ವಿರೋಧಿಗಳನ್ನು ಬಯ್ದ ದಿನ ವಿರೋಧಿಗಳ ಮಾತು ಮೊದಲು. ಮೊದಲನೆಯದು ಸರ್ಕಾರಕ್ಕೆ ಹಿತವಾಗಿತ್ತು. ಎರಡನೆಯದು ಗಂಟಲಲ್ಲಿ ಮುಳ್ಳಾಯಿತು. ಆಳುವ ಪಕ್ಷದ ವಕ್ತಾರರು ವಾಹಿನಿಯ ಮಾಲೀಕರ ಜೊತೆ ಮಾತಾಡಿದರು. ವಾರ ಕಳೆಯುವುದರೊಳಗೆ ಗಾಜಿನ ಕೋಣೆಯಲ್ಲಿ ಬೇರೊಬ್ಬ ಕೂತಿದ್ದ.

ವಾಹಿನಿ ಕೊಟ್ಟಿದ್ದ ಮನೆಯೂ ಹೋಯಿತು. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗೆ ಬಂದರು. ಕೆಳಗಿನ ದರ್ಜಿ ಕೊಡುವ ಅಂಗಿಗಳಿಗೆ ಅಮ್ಮ ಕಾಜಾ ಹಾಕತೊಡಗಿದಳು. ಒಲೆಯ ಪಕ್ಕದ ಮೇಜಿನ ಮೇಲೆ ಅಪ್ಪ ಆ ಸರ್ಕಾರದ ಇತಿಹಾಸ ಬರೆಯಲು ಕೂತ. ಬರೆಯುವ ಮೊದಲು ಅವನು ಹುಡುಕಿಕೊಂಡು ಹೋದದ್ದು ಅದೇ ವಕ್ತಾರರನ್ನು.

"ಬೇರೆ ಜನ ಇಲ್ವಾ ನಿಮಗೆ?" ಎಂದಿದ್ದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ.

"ಇದ್ದಾರೆ. ಆದ್ರೆ ನಾನು ಬಯ್ಯೋಕೆ ಹೊರಟಿರೋದು ಇವರನ್ನ."

"ಹಾಗಿದ್ರೆ ಎಲ್ಲಾದ್ರೂ ಕೂತ್ಕೊಳ್ಳಿ. ಈ ಮೆಟ್ಟಿಲು ಅವರು ಹತ್ತಕೂಡದು."

ಅವರಿಬ್ಬರೂ ಉದ್ಯಾನದ ಬೆಂಚಿನ ಮೇಲೆ ಕೂತರು. ಮಳೆ ಬಂದರೆ ಒಂದೇ ಕೊಡೆ. ನಡುವೆ ರೆಕಾರ್ಡರ್. ಪುಸ್ತಕ ಮುಗಿದ ಮೇಲೂ ಕೂರುವುದು ನಿಲ್ಲಲಿಲ್ಲ. ಅಮ್ಮನಿಗೆ ಅದೆಲ್ಲ ಗೊತ್ತಿತ್ತು. ಅಪ್ಪನ ಒದ್ದೆಯಾದ ಒಂದು ಭುಜ ನೋಡಿ, ಕೊಡೆಯ ಇನ್ನೊಂದು ಬದಿಯಲ್ಲಿ ಯಾರಿದ್ದರೆಂದು ಅವಳು ಕೇಳುತ್ತಿರಲಿಲ್ಲ.

*

"ಅಧ್ಯಯನದ ಹಂಬಲದಿಂದ," ವಾರ್ತೆಯವರ ಕಂಠ ಸಭಾಂಗಣವನ್ನು ತುಂಬಿತು, "ಅತ್ಯುನ್ನತ ಹುದ್ದೆಯನ್ನು ತಾವಾಗಿಯೇ ತ್ಯಜಿಸಿ, ಇತಿಹಾಸದ ಸೇವೆಗೆ..."

"ಸುಳ್ಳು," ಎಂದಳು ಅಮ್ಮ.

ಮೆಲ್ಲಗೇ ಹೇಳಿದ್ದಳು. ಆದರೆ ಮುಂದಿನ ಸಾಲು. ಎಲ್ಲರಿಗೂ ಕೇಳಿಸಿತು. ವಾರ್ತೆಯವರು ಬಾಯಿ ತೆರೆದುಕೊಂಡೇ ನಿಂತರು.

"ಬಿಡೇ, ಸತ್ತವರ ಮುಂದೆ..." ಎಂದು ಅಣ್ಣ ಅವಳ ತೋಳು ಹಿಡಿದ.

"ಸತ್ತವರ ಮುಂದೆ ಅಂತಲೇ ಹೇಳ್ತಿದ್ದೀನಿ. ಅವರು ಬಿಡಲಿಲ್ಲ, ಅವರನ್ನ ತೆಗೆದು ಹಾಕಿದ್ದು. ಒಂದು ಮಾತೂ ಕೇಳದೆ ಕತ್ತು ಹಿಡಿದು ದಬ್ಬಿದ್ದು. ನೀವೆಲ್ಲ ಆಗ ಅಲ್ಲೇ ಇದ್ರಿ, ಬಾಯಿಗೆ ಬೀಗ ಹಾಕ್ಕೊಂಡು." ಅವಳು ತಿರುಗಿ ಬಾಗಿಲ ಕಡೆ ಕೈ ತೋರಿಸಿದಳು. "ದಬ್ಬಿಸಿದವರು ಅಲ್ಲಿ ನಿಂತಿದ್ದಾರೆ. ಅವರನ್ನೇ ಕೇಳಿ. ಹೇಳಲಿ."

ಅಪ್ಪನ ಬಯಕೆಗೆ ಅಡ್ಡ ನಿಂತಿದ್ದ ಅಮ್ಮ, ಸಿಟ್ಟಿನಲ್ಲಿ ತಾನೇ ಬಾಗಿಲು ತೆರೆದಿದ್ದಳು. ವಕ್ತಾರರು ನಿಧಾನವಾಗಿ ನಡೆದು ಬಂದರು. ವಾರ್ತೆಯವರು ದಾರಿ ಬಿಟ್ಟರು.

"ಹೌದು. ನಾನೇ ತೆಗೆಸಿದ್ದು," ಎಂದರು ವಕ್ತಾರರು. "ಆಮೇಲೆ ಇವರು ರೆಕಾರ್ಡರ್ ಹಿಡ್ಕೊಂಡು ಬಂದ್ರು. ನನ್ನನ್ನ ಯಾಕೆ ತೆಗೆಸಿದಿರಿ, ನಿಮ್ಮ ಕಡೆಯಿಂದ ಹೇಳಿ ಅಂದ್ರು. ಜಗಳಕ್ಕೆ ಬಂದಿದ್ದಾರೆ ಅಂದ್ಕೊಂಡೆ. ಇಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಬಂದಿದ್ರು. ನಾನು ಸುಳ್ಳು ಹೇಳಿದೆ. ಮಳೆಗಾಲ ಪೂರ್ತಿ ಹೇಳಿದೆ. ಅದನ್ನೆಲ್ಲ ಬರ್ಕೊಂಡು ಬಂದು ನನಗೇ ಓದಿ ತೋರಿಸೋರು, ಸರಿಯಾಗಿದೆಯಾ ಅಂತ. ನನ್ನ ಸುಳ್ಳನ್ನ ಅಷ್ಟು ಮರ್ಯಾದೆಯಿಂದ ಯಾರೂ ಓದಿರಲಿಲ್ಲ. ತಡ್ಕೊಳ್ಳೋಕಾಗದೆ ನಿಜ ಹೇಳಿಬಿಟ್ಟೆ. ಪುಸ್ತಕ ಬಂತು. ಪಕ್ಷದವರು ನನ್ನನ್ನೂ ಮನೆಗೆ ಕಳಿಸಿದ್ರು."

ಬಲಗಡೆಯ ಸಾಲಿನಲ್ಲಿ ಯಾರೋ ನಕ್ಕು, ಕೆಮ್ಮಿನಂತೆ ಮಾಡಿ ಮುಚ್ಚಿಕೊಂಡರು.

"ಆದ್ರೆ ಅಮ್ಮಾವ್ರು ಹೇಳಿದ್ದರಲ್ಲಿ ಒಂದು ತಪ್ಪಿದೆ. ಕೇಳದೆ ದಬ್ಬಲಿಲ್ಲ. ನಾನು ಮುಂಚೆ ಫೋನ್ ಮಾಡಿದ್ದೆ. ಚುನಾವಣೆ ಮುಗಿಯೋವರೆಗೆ ನಿಮ್ಮ ಪದ್ಧತಿ ನಿಲ್ಲಿಸಿ, ಕುರ್ಚಿ ನಿಮ್ಮದೇ, ಮನೆ ನಿಮ್ಮದೇ ಅಂದೆ. ಈಗಲೇ ಉತ್ತರ ಬೇಡ, ಮನೇಲಿ ಒಂದು ಮಾತು ಕೇಳಿ ಹೇಳಿ ಅಂದೆ. ಮನೇಲಿ ಕೇಳೋದೇನಿಲ್ಲ ಅಂದ್ರು."

ಅಮ್ಮ ಪೆಟ್ಟಿಗೆಯ ಕಡೆ ತಿರುಗಿದಳು.

"ಇದನ್ನೂ ಪುಸ್ತಕಕ್ಕೆ ಹಾಕಿ ಅಂತ ಎಷ್ಟೋ ಸಲ ಹೇಳಿದೆ. ಅದು ಮನೆ ವಿಷಯ, ಇತಿಹಾಸ ಅಲ್ಲ ಅಂತಿದ್ರು. ಊರಿನವರ ಮಾತನ್ನೆಲ್ಲ ಕೇಳಿದ ಮನುಷ್ಯ. ಮನೆಯವರ ಒಂದು ಮಾತು ಕೇಳಲಿಲ್ಲ. ಇವತ್ತು ನನ್ನನ್ನ ಕರೆಸಿದ್ದು ಯಾಕೆ ಅಂತ ನನಗೆ ಗೊತ್ತು. ತಾವಾಗಿ ನಿಮಗೆ ಹೇಳೋಕೆ ಅವರಿಗೆ ಧೈರ್ಯ ಸಾಲಲಿಲ್ಲ, ತಾಯಿ." ಅವರು ಪೆಟ್ಟಿಗೆಯ ಕಡೆ ತಲೆ ಬಾಗಿಸಿ ಪಕ್ಕಕ್ಕೆ ಸರಿದರು.

ಅಮ್ಮ ಎದ್ದಳು.

"ಅಮ್ಮ, ಬೇಡ, ಕೂತ್ಕೋ," ಎಂದು ಮಗಳು ಕೈ ಚಾಚಿದಳು.

ಅಮ್ಮ ಆ ಕೈಗೆ ತನ್ನ ಕೈಚೀಲ ಕೊಟ್ಟು ಮುಂದೆ ಹೋದಳು. ನಾಲ್ಕು ಜನರೆದುರು ಎಂದೂ ಮಾತಾಡಿದವಳಲ್ಲ. ವಾರ್ತೆಯವರು ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಲು ಬಂದರು. ಅವಳು ಬೇಡವೆಂದು ತಲೆಯಾಡಿಸಿ, ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿಟ್ಟಳು. ಆಮೇಲೆ ಖಾಲಿ ಕುರ್ಚಿಯೊಂದನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲರಿಗೂ ಬೆನ್ನು ಮಾಡಿ, ಅವನ ಮುಖಕ್ಕೆ ಮುಖ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತನ್ನ ಮಾತು ಹೇಳಿಯೇ ಏಳುವವಳಂತೆ ಕೂತಳು.

ಹೊತ್ತಾಯಿತೆಂದು ಹೇಳಲು ಚಿತಾಗಾರದವನು ಒಳಬಾಗಿಲಿನಿಂದ ಇಣುಕಿದ. ಆ ಬೆನ್ನನ್ನು ಒಂದು ಗಳಿಗೆ ನೋಡಿ, ಬಾಗಿಲನ್ನು ಸದ್ದಾಗದಂತೆ ಮತ್ತೆ ಮುಚ್ಚಿಕೊಂಡ.