ಬಟ್ಟೆಯ ಗರ್ಭಕೋಶ

ಸೋಪು ಸವೆದು ಎಲೆಯಷ್ಟು ತೆಳ್ಳಗಾಗಿದೆ, ಬಂದವರೆಲ್ಲ ಅತ್ತರು, ಅತ್ತವರೆಲ್ಲ ಕೈ ತೊಳೆದರು, ನೆಂಟರು ಹೊರಟರು, ಮನೆ ನಮ್ಮಿಬ್ಬರದೇ ಆಯಿತು, ಗಂಡನನ್ನು ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಗು ಇದು, ಮಗಳಿಗೆ ಶಾಲೆ, ನನಗೆ ಸಂಜೆ ಲ್ಯಾಬ್, ಹಾಲು ಎಂದಿನಂತೆ ಉಕ್ಕಿತು, ಒರೆಸಿದೆ — ಅಂಗಿ ತೊಡಲು ಮಗಳು ಕೈ ಎತ್ತಿದಳು, ಬೆವರಿನ ವಾಸನೆ, ಮಗುವಿನ ಬೆವರಲ್ಲ, ಹುಳಿ ಹುಳಿ, ದೊಡ್ಡವರದು, ಹತ್ತು ತುಂಬುತ್ತಲೇ ಬಂತಲ್ಲ, ಹೇಳಬೇಕು, ಇವತ್ತೇ ಹೇಳಬೇಕು, ಇನ್ನು ಹೇಳುವುದಕ್ಕೆ ನಾನೊಬ್ಬಳೇ. ನೋಡು ಗುಬ್ಬಿ, ಇನ್ಮೇಲೆ ಕಂಕುಳಿಗೆ ದಿನಾ ಸೋಪು ಹಾಕ್ಕೋಬೇಕು, ಈ ವಯಸ್ಸಲ್ಲಿ ಮೈ ಬದಲಾಗೋಕೆ ಶುರುವಾಗುತ್ತೆ, ಆಮೇಲೆ, ಆಮೇಲೆ ಅನ್ನುವಲ್ಲಿ ನಾಲಿಗೆ ಕಚ್ಚಿಕೊಂಡಿತು, ಕಂಡವರ ರಕ್ತದ ಸೀಸೆಗಳಿಗೆ ದಿನವೂ ಚೀಟಿ ಅಂಟಿಸುವ ನನಗೆ ಹೆತ್ತ ಮಗಳ ಮುಂದೆ ರಕ್ತ ಎನ್ನುವ ಮಾತು ಬಾಯಿಗೆ ಬರಲಿಲ್ಲ, ಅವಳು ಗುಂಡಿ ಹಾಕಿಕೊಳ್ಳುತ್ತ, ಗೊತ್ತಮ್ಮ, ಅಪ್ಪ ಎಲ್ಲಾ ಹೇಳ್ಕೊಟ್ಟಿದಾರೆ. ಎಲ್ಲಾ ಅಂದ್ರೆ? ಎಲ್ಲಾ. ಪ್ಯಾಡ್ ಹೇಗಿಟ್ಕೊಳ್ಳೋದು, ಒದ್ದೆ ಆಗೋವರೆಗೂ ಕಾಯ್ಬಾರ್ದು, ತೊಳ್ಕೊಳ್ಳುವಾಗ ಮುಂದಿನಿಂದ ಹಿಂದಕ್ಕೆ, ಮೊದಮೊದಲು ಲೆಕ್ಕ ತಪ್ಪುತ್ತೆ, ಅದು ಗಣಿತ ಅಲ್ಲ, ಹೆದರ್ಬೇಡ ಅಂದ್ರು.

ಗಣಿತದ ಮೇಷ್ಟ್ರು, ಬೋರ್ಡಿನ ಮುಂದೆ ಕುಸಿದವನು, ಅವನ ಬಾಯಲ್ಲಿ ಈ ಮಾತು, ನಾನು ಪ್ಯಾಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ಟವೆಲುಗಳ ಹಿಂದೆ ತುರುಕುತ್ತಿದ್ದೆ, ಇಷ್ಟು ವರ್ಷದ ಸಂಸಾರದಲ್ಲಿ ಅವನೆದುರು ಅದರ ಹೆಸರೆತ್ತಿದವಳಲ್ಲ, ಮಗಳು ಅವನ ಬೀರುವಿನಿಂದ ಒಂದು ಬಿಳಿ ಏಪ್ರನ್ ಎಳೆದು ತಂದಳು, ಎದೆಯಿಂದ ತೊಡೆಯವರೆಗೆ ಹೆಂಗಸಿನ ಮೈ ಬರೆದಿದೆ, ಒತ್ತುಗುಂಡಿಗಳ ಮೇಲೆ ಬಟ್ಟೆಯ ಅಂಗಾಂಗ, ಕೆಂಪು ಗರ್ಭಕೋಶ, ಹಳದಿ ಮೂತ್ರಚೀಲ, ಅಪ್ಪನ ಶಾಲೆ ನರ್ಸ್ ಆಂಟಿ ಹತ್ರ ಇಸ್ಕೊಂಡ್ ಬಂದಿದ್ರು, ನೀನು ಲ್ಯಾಬಿಗೆ ಹೋದ್ಮೇಲೆ ಇದನ್ನ ಕಟ್ಕೊಂಡು ಒಲೆ ಹತ್ರ ನಿಂತ್ರು, ಗರ್ಭಕೋಶ ತಲೆಕೆಳಗು ಅಂಟಿಸಿಬಿಟ್ಟಿದ್ರು ಅಮ್ಮಾ, ನಾನಂದೆ ಅಪ್ಪಾ ಪಾಪು ಬಿದ್ದೋಗುತ್ತೆ, ಇಬ್ರೂ ನಕ್ಕೂ ನಕ್ಕೂ — ನಕ್ಕಳು, ಅವನು ಹೋದ ಮೇಲೆ ಮೊದಲ ಸಲ, ನನ್ನ ಮುಖ ನೋಡಿ ನಿಲ್ಲಿಸಿದಳು. ಒಲೆಯ ಪಕ್ಕ ಅವನು, ಹೊಟ್ಟೆಯ ಮೇಲೆ ಕೆಂಪು ಬಟ್ಟೆ, ನಾನಿಲ್ಲ.

ಸತ್ತವರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ, ಪಡುತ್ತಾರೆ, ನಾನು ಪಡುತ್ತಿದ್ದೇನೆ, ಅಳು ಬಾರದವಳಿಗೆ ಇದಾದರೂ ಬಂತು, ಇನ್ನೂ ಮಗು ಕಣೋ ಅಂದಿದ್ದೆ, ಅವಳಿಗಿಂತ ಮೊದಲು ಅವಳ ಮೈಗೆ ಗೊತ್ತಾಗ್ಬಿಡುತ್ತೆ ಕಣೇ, ಬೇಗ ಹೇಳು ಅಂದಿದ್ದ, ಹೇಳ್ತೀನಿ ಬಿಡು, ಅದು ತಾಯಿ ಕೆಲಸ, ಯಾವುದಾದರೂ ಭಾನುವಾರ, ಬಾಗಿಲು ಹಾಕಿಕೊಂಡು, ಇಬ್ಬರೂ ಒಂದೇ ಹೊದಿಕೆಯೊಳಗೆ, ಮೊದಲ ವಾಕ್ಯ ಕೂಡ ಜೋಡಿಸಿಟ್ಟಿದ್ದೆ, ನನಗೆ ಯಾರೂ ಹೇಳಿರಲಿಲ್ಲ, ತರಗತಿಯ ಬೆಂಚಿನಿಂದ ಏಳಲಾರದೆ ಕೂತಿದ್ದೆ, ಏನೋ ಒಡೆದುಹೋಗಿದೆ, ಸಾಯುತ್ತಿದ್ದೇನೆ ಅಂದುಕೊಂಡು, ಅದಕ್ಕೇ ಈ ಒಂದು ಮಾತು ನನ್ನದಾಗಿರಲಿ ಎಂದು ಕಾದೆ, ಕಾದು ಕೂತೆ, ಅವನು ನನ್ನ ಕೆಲಸ ಕದ್ದು, ಮಾಡಿ ಮುಗಿಸಿ, ಸತ್ತ. ನೋವಾಗುತ್ತೆ ಅಂತ ಹೇಳಿದ್ರಾ, ಕೇಳಿದೆ, ನನ್ನ ದನಿ ನನಗೇ ಅಸಹ್ಯವಾಯಿತು. ಹೇಳಿದ್ರು. ಹೇಗಿರುತ್ತೆ ಅಂತ? ಅದು ನಂಗೊತ್ತಿಲ್ಲ, ಅಮ್ಮನ್ನ ಕೇಳು ಅಂದ್ರು. ಕೇಳು ಮತ್ತೆ. ಈಗ ಬೇಡಮ್ಮ, ವ್ಯಾನ್ ಬರುತ್ತೆ, ಇದನ್ನ ವಾಪಸ್ ಕೊಟ್ಬಿಡು, ಅಪ್ಪ ಸೋಮವಾರನೇ ಕೊಡ್ಬೇಕಿತ್ತು, ಮರೀಬೇಡ. ಹೋದಳು, ಅಪ್ಪನ ಹಾಗೆಯೇ ಮೆಟ್ಟಿಲನ್ನು ಎರಡೆರಡು ಹಾರುತ್ತ, ಕೇಳಲೇ ಇಲ್ಲ.

ಏಪ್ರನ್ ಸುತ್ತಿ ಚೀಲಕ್ಕೆ ಹಾಕಿದೆ, ಬೀದಿಯಲ್ಲಿ ಅಂಗಡಿಗಳು ಬಾಗಿಲು ತೆರೆಯುತ್ತಿವೆ, ಚೀಲ ಬಗಲಲ್ಲಿ ಮೆತ್ತಗೆ ಒತ್ತುತ್ತಿದೆ, ಆ ಬಟ್ಟೆಯನ್ನು ಅವನು ಎಲ್ಲೆಲ್ಲಿ ಮುಟ್ಟಿದ್ದನೋ, ಒಲೆಯ ಪಕ್ಕ ಅವನು, ಅವನ ಶಾಲೆಯ ನರ್ಸಿನ ಕೋಣೆಯಲ್ಲಿ ತೂಕದ ಯಂತ್ರ, ಕಬ್ಬಿಣದ ಮಂಚ, ಡೆಟಾಲ್ ವಾಸನೆ, ನರ್ಸು ನನಗಿಂತ ಹಿರಿಯಳು, ದುಂಡು ಮುಖ, ಕೂತ್ಕೊಳ್ಳಿ, ಇದಕ್ಕೋಸ್ಕರ ಇವತ್ತೇ ಬರ್ಬೇಕಿತ್ತಾ, ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತು, ಪಾಪ ಮೇಷ್ಟ್ರು ಇದೇ ಸ್ಟೂಲಿನ ಮೇಲೆ ಕೂತು ಕಲಿತಿದ್ದು, ಎರಡು ಕಿವೀನೂ ಕೆಂಪು, ಒಂದೇ ಪ್ರಶ್ನೆ ಮೂರು ಸಲ ಕೇಳೋರು, ನಾನಂದೆ ಮೇಷ್ಟ್ರೇ, ನನ್ನ ಸರ್ವಿಸಲ್ಲಿ ನಿಮ್ಮಂಥ ದಡ್ಡ ವಿದ್ಯಾರ್ಥಿ ನೋಡಿಲ್ಲ, ನಗ್ತಿದ್ರು. ಆ ಕಿವಿ ನನ್ನೆದುರು ಕೆಂಪಾದದ್ದು ಯಾವಾಗ, ನೆನಪಾಗುತ್ತಿಲ್ಲ, ನನ್ನನ್ನು ಕೇಳಬಹುದಿತ್ತು, ಕೇಳಲು ನಾನು ಬಿಟ್ಟಿದ್ದರಲ್ಲವೇ. ಮಗಳಿಗೆ ಸರಿಯಾಗ್ ಹೇಳಿದ್ರಾ? ಹೇಳಿದ್ರು, ಚೆನ್ನಾಗೇ ಹೇಳಿದ್ರು, ಅಂದೆ, ಆಮೇಲೆ ಬಾಯಿ ತಾನಾಗಿ, ನಾನೂ ಅಲ್ಲೇ ಇದ್ದೆನಲ್ಲ, ಗರ್ಭಕೋಶ ತಲೆಕೆಳಗು ಹಾಕಿದ್ರು, ಮೂರೂ ಜನ ನಕ್ಕಿದ್ದೇ ನಕ್ಕಿದ್ದು. ನರ್ಸು ನನ್ನನ್ನು ನೋಡಿದಳು. ಹೌದಾ, ನೀವೂ ಇದ್ರಾ, ನಿಮ್ಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತಿದ್ರು, ಅನ್ನುತ್ತ ನಿಲ್ಲಿಸಿ, ಒಳ್ಳೇದಾಯ್ತು ಬಿಡಿ, ಅಂದು ಏಪ್ರನ್ ಕೊಡವಿದಳು — ಹಿಂದಿನ ಲಾಡಿ ಬಿಚ್ಚಿಲ್ಲ, ಬಿಗಿ ಗಂಟು, ಕಟ್ಟಿದ್ದನ್ನು ಹಾಗೆಯೇ ತಲೆಯ ಮೇಲಿಂದ ಕಳಚಿದ್ದಾನೆ, ಗಂಟು ಬಿಚ್ಚುವ ತಾಳ್ಮೆ ಎಂದೂ ಇರಲಿಲ್ಲ, ಅವನ ಸೊಂಟದಷ್ಟೇ ಸುತ್ತಳತೆಯ ಲಾಡಿ, ಒಳಗೆ ಯಾರೂ ಇಲ್ಲ, ಅಯ್ಯೋ ಮೇಷ್ಟ್ರೇ, ಅಂದಳು ನರ್ಸು ಮೆಲ್ಲಗೆ, ಗಂಟಿನೊಳಗೆ ಉಗುರು ತೂರಿಸಿದಳು, ಬಿಚ್ಚಬೇಡಿ, ಅನ್ನಲಾರೆ, ನಾನೂ ಅಲ್ಲೇ ಇದ್ದೆ ಅಂದಿದ್ದೇನಲ್ಲ, ಇದ್ದವಳು ಅಂದೇ ಬಿಚ್ಚಿರುತ್ತಿದ್ದೆ, ಒಲೆಯ ಪಕ್ಕ ಅವನು, ಬೆನ್ನು ಈ ಕಡೆ, ಬೆನ್ನ ಮೇಲೆ ಗಂಟು, ಒಂದು ಎಳೆ ಸಡಿಲವಾಯಿತು, ಉಗುರು, ಇನ್ನೊಂದು ಎಳೆ, ಗಂಟು