ನಾಯಿಯ ತಲೆಗೆ ಕಟ್ಟಿದ ವಾಸನೆ

ಹೋಟೆಲಿನ ಲಾಂಡ್ರಿಯಲ್ಲಿ ಅವಳ ಕೈಗೆ ಸಿಕ್ಕ ಕಲೆ ಉಳಿಯುವುದಿಲ್ಲ ಎಂಬ ಮಾತಿತ್ತು. ರಕ್ತ, ವೈನು, ಅತಿಥಿಗಳ ಜೊತೆ ಬಂದ ನಾಯಿಬೆಕ್ಕುಗಳ ಉಚ್ಚೆ, ಯಾವುದಕ್ಕೂ ಅವಳು ಜಗ್ಗುತ್ತಿರಲಿಲ್ಲ. ಹೊಸಬರು ಯಾರಾದರೂ ಉಚ್ಚೆಯ ಕಲೆಗೆ ಬಿಸಿನೀರು ಹಾಕಿದರೆ ಮಾತ್ರ ಮೈಮೇಲೆ ಬಂದವಳಂತೆ ಹಾರಾಡುತ್ತಿದ್ದಳು. ಬಿಸಿ ತಾಗಿದರೆ ಅದು ನೂಲಿನೊಳಗೇ ಮನೆ ಮಾಡಿಕೊಳ್ಳುತ್ತದೆ. ತಣ್ಣೀರು, ವಿನೆಗರ್, ಸೋಡಾಪುಡಿ, ಕೊನೆಗೆ ಬಿಸಿಲು. ಬಿಸಿಲಿಲ್ಲದಿದ್ದರೆ ಗಾಳಿಯಾದರೂ ಬೇಕು. ಸಮುದ್ರದ ಪಕ್ಕದಲ್ಲಿ ಒಣಗದೆ ಉಳಿದದ್ದು ತೊಳೆದ ಲೆಕ್ಕಕ್ಕಿಲ್ಲ ಎಂದು ಅವಳೇ ಎಲ್ಲರಿಗೂ ಹೇಳಿಕೊಡುತ್ತಿದ್ದಳು.

ಅಂಥವಳ ಮನೆಯೇ ನಾರುತ್ತಿತ್ತು.

ಮನೆ ಅವಳದ್ದಲ್ಲ, ಅಣ್ಣನದ್ದು. ಗಂಡ ಬಿಟ್ಟುಹೋದ ಮೇಲೆ ಅಣ್ಣ ಕೆಳಗಿನ ಎರಡು ಕೋಣೆ ಬಿಟ್ಟುಕೊಟ್ಟಿದ್ದ. ಮೇಲೆ ಅಣ್ಣ, ಅತ್ತಿಗೆ. ಕೆಳಗೆ ಅವಳು, ಶಾಲೆಗೆ ಹೋಗುವ ಹುಡುಗಿ, ಹಾಸಿಗೆ ಹಿಡಿದ ಅಜ್ಜಿ, ಮತ್ತೆ ಬೂದಿ. ಅಜ್ಜಿ ಎಂದರೆ ಅವಳ, ಅಣ್ಣನ ಹೆತ್ತಮ್ಮ. ಬೂದಿ ಎಂದರೆ ನಾಯಿ. ಒಲೆಯಲ್ಲಿ ಹೊರಳಾಡಿ ಎದ್ದುಬಂದಂಥ ಬಣ್ಣ. ಒಂಟಿ ಹುಡುಗಿಗೆ ತಮ್ಮನೂ ಅವನೇ, ಗೆಳೆಯನೂ ಅವನೇ.

ಮೊದಲ ಸಲ ಹಾಸಿಗೆ ಒದ್ದೆಯಾದ ಬೆಳಿಗ್ಗೆ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಬಟ್ಟೆ ಬದಲಿಸಲು ಬಂದ ಮಗಳ ಕೈ ಹಿಡಿದು ಬಿಡಲೇ ಇಲ್ಲ.

"ಅಣ್ಣಂಗೆ ಹೇಳ್ಬೇಡ ಮಗಳೇ. ಸೊಸೆಗೆ ಗೊತ್ತಾದ್ರೆ ನಾನು ಯಾವ ಮುಖ ಇಟ್ಕೊಂಡು ಅವಳ ಕೈಲಿ ಊಟ ತಗೊಳ್ಳಲಿ? ಆಣೆ ಮಾಡು."

ಅವಳು ಆಣೆ ಮಾಡಿದಳು. ಊಟ ತಂದ ಅತ್ತಿಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಏನಿದು ವಾಸನೆ ಎಂದಾಗ, ನಾಯಿ ಎಂದುಬಿಟ್ಟಳು. ಬಾಯಿಗೆ ಬಂದದ್ದು ಅದೇ. ತನ್ನ ಮಾತು ಬಂತೆಂದು ಮಂಚದ ಕೆಳಗಿನಿಂದ ಬೂದಿ ಬಾಲ ಬಡಿದ.

ಅಲ್ಲಿಂದ ಶುರುವಾಯಿತು. ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಒಯ್ಯಬೇಕಿತ್ತು. ತಾರಸಿಗೆ ದಾರಿ ಅತ್ತಿಗೆಯ ಅಡುಗೆಮನೆಯ ಮುಂದೆ. ನಾಯಿ ನೆಲದ ಮೇಲೆ ಮಾಡಿದ್ದಕ್ಕೆ ಹಾಸಿಗೆ ಏಕೆ ಒಣಗಬೇಕು? ಕಿಟಕಿ ತೆರೆದರೆ ವಾಸನೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಹಾಗಾಗಿ ಕಿಟಕಿ ಮುಚ್ಚಿಕೊಂಡೇ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ಬೇಗ ಆಗಲೆಂದು ಬಿಸಿನೀರನ್ನೇ ಸುರಿದು ತಿಕ್ಕಿದಳು. ಮೇಲಿಷ್ಟು ಫಿನಾಯಿಲು. ನೀರು ಹಲಗೆ ನೆಲದ ಸಂದಿಗಳಿಗೆ ಇಳಿಯಿತು. ಫ್ಯಾನು ತಿರುಗಿದ್ದೇ ಬಂತು, ಆ ಉಪ್ಪುಗಾಳಿಗೆ ಏನೂ ಒಣಗಲಿಲ್ಲ. ಲಾಂಡ್ರಿಯಲ್ಲಿ ಬೇರೆಯವರು ಮಾಡಿದ್ದರೆ ಕೆಲಸದಿಂದ ಓಡಿಸುತ್ತಿದ್ದಂಥ ತಪ್ಪನ್ನು ಅವಳು ಮನೆಯಲ್ಲಿ ದಿನಾ ಮಾಡಿದಳು.

ಅತ್ತಿಗೆ ಮೊದಮೊದಲು ತಮಾಷೆ ಮಾಡುತ್ತಿದ್ದಳು. ನಿಮ್ಮ ನಾಯಿಗೆ ಸಕ್ಕರೆ ಕಾಯಿಲೆ ಇರಬೇಕು, ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದಳು. ಆಮೇಲೆ ತಮಾಷೆ ನಿಂತಿತು. ಇನ್ನೊಂದು ಸಲ ನಾರಿದರೆ ನಾಯಿ ಈ ಮನೆಯಲ್ಲಿ ಇರುವುದಿಲ್ಲ ಎಂದು ಅಣ್ಣ ಹೇಳಿದ. ಕೆಟ್ಟವನಲ್ಲ, ಹಾಸಿಗೆ ಹಿಡಿದ ಅಮ್ಮ ಆ ಗಬ್ಬಿನಲ್ಲಿ ಮಲಗಬೇಕಲ್ಲ ಎಂಬ ಸಂಕಟ ಅವನದ್ದು.

ಆ ವಾರವೇ ಒಂದು ಸಂಜೆ ಶಾಲೆಯಿಂದ ಬಂದ ಹುಡುಗಿ ಬಾಗಿಲಲ್ಲೇ ಮೂಗರಳಿಸಿ ನಿಂತಳು. ಚೀಲ ಎಸೆದು, ಪೇಪರು ಸುರುಳಿ ಸುತ್ತಿ ಬೂದಿಗೆ ಬಾರಿಸತೊಡಗಿದಳು. ಅವನು ಓಡಲಿಲ್ಲ, ಹೊಟ್ಟೆ ನೆಲಕ್ಕೆ ಹಚ್ಚಿ ಬಿದ್ದುಕೊಂಡ.

"ಗೊತ್ತಾಗಲ್ವೇನೋ ನಿಂಗೆ? ಕಳಿಸಿಬಿಡ್ತಾರೆ ಕಣೋ!" ಹೊಡೆಯುತ್ತಿದ್ದವಳೇ ಅಳುತ್ತಿದ್ದಳು.

ತಾಯಿ ಬಕೆಟ್ಟಿನ ಮುಂದೆ ಕೂತು ಒರೆಸುವ ಬಟ್ಟೆ ಹಿಂಡುತ್ತಲೇ ಇದ್ದಳು. ತಲೆ ಎತ್ತಲಿಲ್ಲ.

ಬೂದಿಯನ್ನು ಬಂದರಿನ ದೋಣಿಯವನೊಬ್ಬನಿಗೆ ಕೊಡುವುದೆಂದಾಯಿತು. ಒಯ್ಯುವ ದಿನ ಅಜ್ಜಿ ಅವನನ್ನು ಹತ್ತಿರ ಕರೆಸಿಕೊಂಡು ತಲೆಯ ಮೇಲೆ ಕೈಯಿಟ್ಟರು. ಹೊರಗೆ ಅಣ್ಣ ಹಗ್ಗ ಹಿಡಿದು ಕಾಯುತ್ತಿದ್ದ.

"ನಾನೇ ಹೇಳಿಬಿಡ್ಲಾ?" ಎಂದರು ಅಜ್ಜಿ, ಮಗಳಿಗಷ್ಟೇ ಕೇಳುವ ಹಾಗೆ.

ಅವಳು ಆ ಮುಖದ ಕಡೆ ನೋಡಿದಳು. "ಬೇಡಮ್ಮ," ಎಂದಳು.

ನೋಡಿಕೊಂಡು ಬರಲು ತಾಯಿ ಮಗಳು ಬಂದರಿಗೆ ಹೋದಾಗ ಗೂಟದಲ್ಲಿ ಕಡಿದ ಹಗ್ಗವಷ್ಟೇ ಇತ್ತು. ಬಂದ ರಾತ್ರಿಯೇ ತಪ್ಪಿಸಿಕೊಂಡಿತು, ನಿಮ್ಮನೆ ಹುಡುಕಿಕೊಂಡೇ ಹೋಗಿರಬೇಕು ಎಂದ ದೋಣಿಯವನು. ಬೂದಿ ಮನೆಗೆ ಬರಲೇ ಇಲ್ಲ. ಮಳೆಗೆ ಮುಂಚೆ ಅಜ್ಜಿಯೂ ಹೋದರು. ಅತ್ತಿಗೆ ಬಿಕ್ಕಿಬಿಕ್ಕಿ ಅತ್ತಳು. ಹಾಸಿಗೆ ಹೊರಗೆ ಹೋಯಿತು, ಕೋಣೆಗೆ ಸುಣ್ಣ ಬಳಿದದ್ದಾಯಿತು. ಬೇಸಗೆಯ ಒಣ ದಿನಗಳಲ್ಲಿ ಮನೆ ಮನೆಯ ಹಾಗೆ ಇತ್ತು.

ಮಳೆ ಹಿಡಿಯಿತು. ಹಲಗೆಗಳು ಉಬ್ಬಿದವು. ಸಂದಿಯಲ್ಲಿ ಕೂತದ್ದೆಲ್ಲ ತೇವಕ್ಕೆ ಎದ್ದು ಬಂತು.

ಶಾಲೆಯಿಂದ ನೆನೆದುಕೊಂಡು ಬಂದ ಹುಡುಗಿ ಹೊಸಿಲಲ್ಲಿ ನಿಂತು ಮೂಗರಳಿಸಿದಳು. ಮುಖ ಬೆಳಗಿತು.

"ಅಮ್ಮಾ, ಬೂದಿ ಬಂದಿದ್ದಾನಾ?"

ಉತ್ತರಕ್ಕೂ ಕಾಯದೆ ಬಾಗಿಲ ಹಿಂದೆ, ಮೇಜಿನ ಅಡಿ, ಹಿತ್ತಲ ಕಡೆ ಹುಡುಕಿದಳು. ಹೆಸರು ಕೂಗಿ ಕೂಗಿ ಕರೆದಳು. ಕೊನೆಗೆ ಅಜ್ಜಿಯ ಖಾಲಿ ಮಂಚದ ಕೆಳಗೆ ತೂರಿದಳು. ಹೊರಗೆ ಬಂದಾಗ ಕೂದಲಲ್ಲಿ ಧೂಳು ಹತ್ತಿತ್ತು.

"ಅವನಿಲ್ಲ."

"ಇಲ್ಲ ಪುಟ್ಟಾ."

"ಮತ್ತೆ ವಾಸನೆ?"

ಅವಳು ಸುಳ್ಳು ಹುಡುಕಿದಳು. ಹಳೆಯದು, ಅವನದ್ದೇ, ಅಂದರೆ ಮುಗಿಯುತ್ತಿತ್ತು. ಆದರೆ ಹುಡುಗಿ ಮಂಚವನ್ನು ನೋಡುತ್ತಿದ್ದಳು.

"ಅಜ್ಜೀದಾ?"

ಅವಳು ಹೌದೆಂದು ತಲೆಯಾಡಿಸಿದಳು. ಸತ್ತ ಅಮ್ಮನಿಗೆ ಮಾಡಿದ ಆಣೆ ಅಷ್ಟಕ್ಕೇ ಮುರಿಯಿತು. ಮುಚ್ಚೇ ಇದ್ದ ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಅಂಗೈಯಿಂದ ಬಡಿದು ಬಡಿದು ತೆರೆದಳು. ಒದ್ದೆ ಗಾಳಿ ಒಳಗೆ ನುಗ್ಗಿತು. ಈಗ ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಹುಡುಗಿ ಮಂಚದ ಕಾಲಿಗೆ ಒರಗಿ, ಬೂದಿ ಮಲಗುತ್ತಿದ್ದ ಜಾಗದಲ್ಲೇ ಕೂತಿದ್ದಳು. ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ನಾನು ಅವನಿಗೆ ಹೊಡೆದ್ನಲ್ಲಮ್ಮಾ," ಎಂದಳು.